ಲಿಂಕ್ ಕೊಳ್ಳದ ಸೊಸೆ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಮೊದಲ ಒಂದು ವರ್ಷ ನಾನು "ಕಂಪ್ಯೂಟರು" ಎಂದು ಹೇಳಿ ಮಾತು ಬದಲಿಸಿಬಿಡುತ್ತಿದ್ದೆ. ನನಗೇ ಗೊತ್ತಿದ್ದರೆ ತಾನೇ ಹೇಳುವುದು? ಅವಳು ಎಸ್‌ಇಒ ಎನ್ನುತ್ತಿದ್ದಳು. ಮೂರು ಅಕ್ಷರ ಉದುರಿಸಿ ಸುಮ್ಮನಾದರೆ ನನ್ನಂಥವಳಿಗೆ ಏನು ತಿಳಿಯಬೇಕು? ಒಂದು ದಿನ ಹಿಡಿದು ಕೂರಿಸಿ ಕೇಳಿಯೇ ಬಿಟ್ಟೆ.

"ಜನ ಫೋನಲ್ಲಿ ಏನಾದ್ರೂ ಹುಡುಕ್ತಾರಲ್ಲ ಅತ್ತೆ, ಆಗ ಒಂದು ಪಟ್ಟಿ ಬರುತ್ತೆ. ಆ ಪಟ್ಟೀಲಿ ನನ್ನ ಗಿರಾಕಿಗಳ ಅಂಗಡಿ ಮೇಲ್ಗಡೆ ಬರೋ ಹಾಗೆ ಮಾಡೋದು ನನ್ನ ಕೆಲಸ."

"ಅಂದ್ರೆ ಸಾಲಲ್ಲಿ ನಿಂತೋರನ್ನ ಮುಂದಕ್ಕೆ ತಳ್ಳೋದು."

"ತಳ್ಳೋದಲ್ಲ. ಮುಂದೆ ನಿಲ್ಲೋ ಯೋಗ್ಯತೆ ಬರೋ ಹಾಗೆ ಮಾಡೋದು."

ನೋಡಲು ಕಡ್ಡಿಯ ಹಾಗಿದ್ದಾಳೆ, ಮಾತು ಮಾತ್ರ ಕಬ್ಬಿಣ. ಮಗ ಬಸ್ ಓಡಿಸುತ್ತಾನೆ, ವಾರದಲ್ಲಿ ನಾಲ್ಕು ದಿನ ಊರಲ್ಲೇ ಇರುವುದಿಲ್ಲ. ಹಾಗಾಗಿ ಮನೆಯಲ್ಲಿ ಮಾತಿಗೆ ಸಿಗುವವಳು ಇವಳು, ಜಗಳಕ್ಕೆ ಸಿಗುವವಳೂ ಇವಳೇ. ಎರಡಕ್ಕೂ ಬೇಜಾರು ಮಾಡಿಕೊಳ್ಳುವವಳಲ್ಲ.

ನಮ್ಮದು ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿ. ರಿಪೇರಿ ಮಾಡುವವಳು ನಾನು, ನಮ್ಮ ಯಜಮಾನರಲ್ಲ. ಹೊಸಬರು ಬಂದರೆ ಅವರ ಮುಂದೆ ಯಂತ್ರ ಇಡುತ್ತಾರೆ. ಅವರು ತುಟಿ ಪಿಟಕ್ಕೆನ್ನದೆ ನನ್ನ ಕಡೆ ಕೈ ತೋರಿಸುತ್ತಾರೆ. ಅವರ ಪಾಲಿಗೆ ಸೂಜಿ, ದಾರ, ಎಣ್ಣೆ ಶೀಷೆ ಮಾರುವುದು. ಅಪ್ಪ ಕಲಿಸಿದ ಕೈಕೆಲಸ, ಮೂವತ್ತೊಂದು ವರ್ಷವಾಯಿತು. ಗಿರಾಕಿಗಳು ನನಗೆ ಬಾಬಿನಮ್ಮ ಎಂದು ಹೆಸರಿಟ್ಟಿದ್ದಾರೆ. ಕಿಟಕಿ ಪಕ್ಕ ಉದ್ದನೆಯ ಮೇಜು, ಅದರ ಮೇಲೆ ತಿರುಪುಗಳನ್ನು ಅಳತೆವಾರು ತುಂಬಿಟ್ಟ ಗಾಜಿನ ಬಾಟಲಿಗಳು, ಹಿಂದೆ ಗೋಡೆಯುದ್ದಕ್ಕೂ ಕಾಯುತ್ತಿರುವ ಯಂತ್ರಗಳು. ಮರದ ಮೆಟ್ಟಿಲು ಹತ್ತಿದರೆ ಸೊಸೆಯ ಕೋಣೆ. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆ ತುಂಬ ಅಂಟಿಸಿದ ಚೀಟಿಗಳು. ಕಿಟಕಿ ತೆರೆದರೆ ಪಕ್ಕದ ಇಸ್ತ್ರಿ ಅಂಗಡಿಯ ಹಬೆ ಒಳಗೆ ಬರುತ್ತದೆ.

ಇಲ್ಲಿಗೆ ಬರುವ ಮೊದಲು ಅವಳು ಒಂದು ಕಂಪನಿಯಲ್ಲಿ ಮೂರು ವರ್ಷ ದುಡಿದಿದ್ದಳು. ಅಲ್ಲಿ ನಲವತ್ತು ಜನ ಸಾಲಾಗಿ ಕೂತು ಬೆಳಗಿನಿಂದ ಸಂಜೆಯವರೆಗೆ ಲಿಂಕ್ ಅಂಟಿಸುತ್ತಿದ್ದರಂತೆ. ಲಿಂಕ್ ಎಂದರೆ ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ದಾರಿ ತೋರಿಸುವ ಸಾಲು. ನಿಮ್ಮ ಬಗ್ಗೆ ನಾಲ್ಕು ಜನ ಒಳ್ಳೆಯ ಮಾತಾಡಿದರೆ ಊರು ನಂಬುವುದಿಲ್ಲವೇ, ಹಾಗೆ ಲಿಂಕ್ ಹೆಚ್ಚಿದ್ದರೆ ಆ ಪಟ್ಟಿ ಮಾಡುವ ಯಂತ್ರವೂ ನಂಬುತ್ತದೆ. ಇವರು ಮಾಡುತ್ತಿದ್ದುದು ಏನು? ಯಾರೋ ಗೃಹಿಣಿಯ ಅಡುಗೆ ಬರಹದ ಕೆಳಗೆ "ತುಂಬಾ ಚೆನ್ನಾಗಿದೆ" ಎಂದು ಬರೆದು, ಪಕ್ಕದಲ್ಲಿ ಟೈರ್ ಅಂಗಡಿಯ ಲಿಂಕ್ ಸಿಕ್ಕಿಸುವುದು. ಹಾಳುಬಿದ್ದ ಪುಟಗಳನ್ನು ಕೊಂಡು ಅವುಗಳ ಬಾಯಲ್ಲಿ ಹೊಗಳಿಸುವುದು. ಹೀಗೆ ಮೇಲೆ ಹತ್ತಿಸಿದ್ದ ಒಂದು ಕನ್ನಡಕದ ಅಂಗಡಿ ಒಂದು ದಿನ ಪಟ್ಟಿಯಿಂದಲೇ ಮಾಯವಾಯಿತು. ಅದನ್ನು ನಡೆಸುತ್ತಿದ್ದ ವಯಸ್ಸಾದ ದಂಪತಿ ದಿನಾ ಇವಳಿಗೆ ಫೋನ್ ಮಾಡಿ, "ಅಮ್ಮಾ, ಇವತ್ತು ಕಾಣಿಸ್ತೀವಾ?" ಎಂದು ಕೇಳುತ್ತಿದ್ದರಂತೆ. ಹತ್ತೊಂಬತ್ತು ದಿನ ಉತ್ತರ ಹೇಳಿ, ಇಪ್ಪತ್ತನೆಯ ದಿನ ಕೆಲಸ ಬಿಟ್ಟಳು.

ಆಮೇಲೆ ಮೇಲಿನ ಕೋಣೆಯಲ್ಲಿ ತನ್ನದೇ ಕೆಲಸ ಶುರು ಮಾಡಿದಳು. ಒಂದು ಲಿಂಕ್ ಕೂಡ ಕೊಳ್ಳುವುದಿಲ್ಲ, ಇದು ಅವಳ ಹಟ. ವರ್ಷದ ಕೊನೆಯವರೆಗೆ ನೋಡುತ್ತೇನೆ, ಈ ದಾರಿಯಲ್ಲಿ ನಡೆಯದಿದ್ದರೆ ಹಳೆಯ ಕಂಪನಿಗೇ ಹೋಗುತ್ತೇನೆ ಎಂದಿದ್ದಳು. ಅವರೂ ಬಾ ಎಂದು ತಿಂಗಳಿಗೊಮ್ಮೆ ಕರೆಯುತ್ತಿದ್ದರು. ಅವಳಿಗೆ ಇದ್ದ ಗಿರಾಕಿಗಳು ನಾಲ್ಕು, ಅದರಲ್ಲಿ ಒಂದು ನಾವು. ಜನರಿಗೆ ತೋರಿಸಲು ಅವಳಿಗಿದ್ದ ದೊಡ್ಡ ಸಾಕ್ಷಿಯೂ ನಮ್ಮ ಅಂಗಡಿಯೇ.

ಅವಳ ಕೆಲಸದ ರೀತಿ ನೋಡಿ ನನಗೆ ಮೈ ಉರಿಯುತ್ತಿತ್ತು. ಮೂರು ವಾರ ನನ್ನ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಬಂದವರು ಬಾಯಿಬಿಟ್ಟ ಕೂಡಲೇ ಬರೆದುಕೊಳ್ಳುವುದು, ಅವರು ಆಡಿದ ಹಾಗೇ, ಒಂದಕ್ಷರ ತಿದ್ದದೆ.

"ಏನೇ ಅದು, ಪೊಲೀಸ್ನೋರು ಹೇಳಿಕೆ ಬರ್ಕೊಂಡ ಹಾಗೆ?"

"ಗಿರಾಕಿ ಫೋನಲ್ಲಿ ಹುಡುಕೋದೂ ಇದೇ ಮಾತಲ್ಲಿ ಅತ್ತೆ. 'ದಾರ ಕೆಳಗೆ ಗಂಟು ಗಂಟಾಗ್ತಿದೆ, ಮಷೀನ್ ಹಾಳಾಯ್ತಾ?' ಅಂತಾರೆ. 'ಚಕ್ರ ಕಚ್ಕೊಂಡಿದೆ' ಅಂತಾರೆ. ಅದಕ್ಕೆ ಸರಿಯಾದ ಉತ್ತರ ನಮ್ಮ ಪುಟದಲ್ಲಿದ್ರೆ ಅವರು ನಮ್ಮ ಹತ್ರಾನೇ ಬರ್ತಾರೆ."

ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಒಂದೊಂದು ಪ್ರಶ್ನೆಗೂ ನನ್ನಿಂದ ಉತ್ತರ ಕಕ್ಕಿಸುತ್ತಿದ್ದಳು. ತಲೆ ತಿಂದು, ತಿಂದು, ಮೂವತ್ತೆಂಟು ಪುಟ ಬರೆದಳು. ಐದು ತಿಂಗಳಾಯಿತು. ನಾವು ಪಟ್ಟಿಯಲ್ಲಿ ಒಂಬತ್ತನೆಯವರಾಗಿದ್ದೆವು. ಮೂಲೆ ಅಂಗಡಿಯವರು ಮೊದಲನೆಯವರು. ಅವರದೂ ನಮ್ಮದೇ ಕಸುಬು, ನಮ್ಮದೇ ಬೀದಿ. ಒಂಬತ್ತು ಒಳ್ಳೆಯ ಸಂಖ್ಯೆ ಎಂದು ಸೊಸೆ ಖುಷಿಪಟ್ಟಳು, ಜನ ಬರುವುದೂ ಹೆಚ್ಚಾಗಿತ್ತು. ಆದರೆ ಮನುಷ್ಯರಿಗೆ ಹೊಟ್ಟೆಕಿಚ್ಚು ಎಂಬುದೊಂದು ಇದೆಯಲ್ಲ, ನನಗೆ ಅದು ಸ್ವಲ್ಪ ಜಾಸ್ತಿಯೇ ಇದೆ.

ಸರಿಯಾಗಿ ಆ ಹೊತ್ತಿಗೆ ಏಣಿಯಣ್ಣ ಬಂದ. ಅವನ ಹೆಸರು ಬೇರೆ ಏನೋ ಇತ್ತು. "ನಿಮ್ಮನ್ನ ಮೇಲೆ ಹತ್ತಿಸ್ತೀನಿ" ಎಂದು ಮಾತು ಮಾತಿಗೂ ಹೇಳುತ್ತಿದ್ದನಾದ್ದರಿಂದ ಈ ಹೆಸರು ನಾನಿಟ್ಟದ್ದು. ಇಸ್ತ್ರಿ ಮುರಿಯದ ಅಂಗಿ, ಎರಡು ಕೈಗೆ ಎರಡು ಫೋನು, ಬಾಯಿ ತುಂಬ ಬೆಣ್ಣೆ. ಸೊಸೆ ಹೊರಗೆ ಹೋಗಿದ್ದಳು. ಯಜಮಾನರು ಊಟಕ್ಕೆ ಎದ್ದಿದ್ದರು.

"ಅಮ್ಮಾ, ಐದು ಸಾವಿರ ಲಿಂಕು. ಮೂರೇ ವಾರ. ಮೊದಲ ಸ್ಥಾನ. ಯಾವ ಪದಕ್ಕೆ ಬೇಕು, ಅದು ಮಾತ್ರ ಹೇಳಿ ಸಾಕು."

ಪದ ಕೇಳಿದ ತಕ್ಷಣ ಮೂವತ್ತೊಂದು ವರ್ಷದ ಜಂಬ ಎದ್ದು ಕೂತಿತು. ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಒಂದಿದೆ. ಸೂಜಿ ಕೆಳಗಿಳಿದು ಮೇಲೇಳುವ ಆ ಕ್ಷಣಕ್ಕೇ ಕೆಳಗಿನ ಶಟಲ್ ಬಂದು ದಾರ ಹಿಡಿಯಬೇಕು. ಕೂದಲೆಳೆ ಹೆಚ್ಚುಕಡಿಮೆಯಾದರೂ ಹೊಲಿಗೆ ಬಿಟ್ಟುಹೋಗುತ್ತದೆ. ಅದನ್ನು ಕೂಡಿಸುವುದಕ್ಕೆ ಶಟಲ್ ಟೈಮಿಂಗ್ ಎನ್ನುತ್ತೇವೆ. ಅದು ಬಂದವರು ಮಾತ್ರ ರಿಪೇರಿಯವರು, ಮಿಕ್ಕವರೆಲ್ಲ ಎಣ್ಣೆ ಬಿಡುವವರು ಎಂಬುದು ನನ್ನ ಖಚಿತ ಅಭಿಪ್ರಾಯ.

"ಬರ್ಕೊಳಪ್ಪ," ಎಂದೆ. "ಶಟಲ್ ಟೈಮಿಂಗ್ ರಿಪೇರಿ."

ಬರೆದುಕೊಂಡ. ದುಡ್ಡೆಷ್ಟು ಕೊಟ್ಟೆ ಎಂದು ಕೇಳಬೇಡಿ, ಯಜಮಾನರಿಗೇ ಹೇಳಿಲ್ಲ. ಸೊಸೆಗಂತೂ ಉಸಿರೆತ್ತಲಿಲ್ಲ. ಅವಳು ಬೇಡ ಎನ್ನುತ್ತಾಳೆ ಎಂದು ಗೊತ್ತಿದ್ದೇ ಮಾಡಿದ ಕೆಲಸ. ಗೊತ್ತಿರಲಿಲ್ಲ ಎಂದು ಈಗ ನಾಟಕವಾಡುವುದಿಲ್ಲ.

ಹೇಳಿದ ಹಾಗೇ ಮೂರು ವಾರಕ್ಕೆ ಮೊದಲ ಸ್ಥಾನ ಬಂತು. ಮೇಜಿನ ಕೆಳಗೆ ಫೋನ್ ಇಟ್ಟುಕೊಂಡು ದಿನಾ ಹುಡುಕಿ ನೋಡಿ, ಒಬ್ಬಳೇ ನಗುತ್ತಿದ್ದೆ. ಮರುವಾರವೇ ಹೊಲಿಗೆ ಯಂತ್ರದವರ ಸಂಘದ ಅಧ್ಯಕ್ಷರು ಅಂಗಡಿಗೆ ಬಂದರು. ಅವರೂ ರಿಪೇರಿಯವರೇ, ಇಡೀ ನಗರದಿಂದ ಅರುವತ್ತು ಜನ ಸದಸ್ಯರಿದ್ದಾರೆ.

"ಬಾಬಿನಮ್ಮಾ, ಶಟಲ್ ಟೈಮಿಂಗ್ ಅಂತ ಹುಡುಕಿದ್ರೆ ನಿಮ್ಮದೇ ಬರುತ್ತಲ್ರೀ! ಯಾರು ಮಾಡಿದ್ದು?"

"ನಮ್ಮ ಸೊಸೆ," ಎಂದುಬಿಟ್ಟೆ. ನಾಲಿಗೆಗೆ ಎಲುಬಿಲ್ಲ ನೋಡಿ.

ಮುಂದಿನ ಸಭೆಗೆ ಬಂದು ಮಾತಾಡಲಿ, ಸದಸ್ಯರಿಗೆ ಹಿಡಿಸಿದರೆ ಎಲ್ಲರ ಕೆಲಸವನ್ನೂ ಅವಳಿಗೇ ಕೊಡೋಣ ಎಂದರು. ಅವಳು ಮೆಟ್ಟಿಲ ಮೇಲೆ ನಿಂತೇ ಕೇಳಿಸಿಕೊಂಡಳು. ಅಷ್ಟು ದೊಡ್ಡ ನಗು ಅವಳ ಮುಖದಲ್ಲಿ ಮದುವೆಯ ದಿನವೂ ನಾನು ಕಂಡಿರಲಿಲ್ಲ. ಆಮೇಲೆ ಮಾತ್ರ ತಲೆ ಕೆರೆದುಕೊಂಡಳು.

"ಶಟಲ್ ಟೈಮಿಂಗ್ ಬಗ್ಗೆ ನಾನು ಪುಟಾನೇ ಬರೆದಿಲ್ವಲ್ಲ ಅತ್ತೆ?"

"ನಿನ್ನ ಕೈಗುಣ ಕಣೇ," ಎಂದು ನಾನು ಯಂತ್ರದೊಳಗೆ ತಲೆ ತೂರಿಸಿದೆ.

ಸಭೆಗೆ ನಾಲ್ಕು ದಿನ ಇರುವಾಗ ನಾವು ಮಂಗಮಾಯವಾದೆವು. ಒಂಬತ್ತನೆಯ ಸ್ಥಾನವೂ ಇಲ್ಲ, ತೊಂಬತ್ತನೆಯದೂ ಇಲ್ಲ. ಅಂಗಡಿಯ ಹೆಸರನ್ನೇ ಹಾಕಿ ಹುಡುಕಿದರೂ ನಾವಿಲ್ಲ. ಸೊಸೆ ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಓಡಿ ಬಂದಳು. 

"ಯಾರೋ ನಮಗೆ ಸಾವಿರಾರು ಲಿಂಕ್ ಹಾಕ್ಸಿದ್ದಾರೆ. ಅದಕ್ಕೇ ನಮ್ಮನ್ನ ಪಟ್ಟಿಯಿಂದ ತೆಗೆದು ಹಾಕಿದ್ದಾರೆ. ನೋಡಿ, ಜೂಜಿನ ತಾಣ. ತೂಕ ಇಳಿಸೋ ಪುಡಿ. ಇದು ಮೀನಿನ ತೊಟ್ಟಿ ಮಾರೋರದು. ಎಲ್ಲಾ ಕಡೆ ಒಂದೇ ಮಾತು, ಶಟಲ್ ಟೈಮಿಂಗ್ ರಿಪೇರಿ."

"ಮೀನಿಗ್ಯಾಕೆ ಶಟಲ್?" ಎಂದರು ಯಜಮಾನರು. ಯಾರೂ ನಗಲಿಲ್ಲ.

"ಈ ಪದ ಗಿರಾಕಿಗಳಿಗೆ ಗೊತ್ತಿಲ್ಲ ಮಾವ. ರಿಪೇರಿಯವರಿಗೆ ಮಾತ್ರ ಗೊತ್ತು. ನಮ್ಮನ್ನ ಕೆಡವೋಕೆ ಮೂಲೆ ಅಂಗಡಿಯವರೇ ಮಾಡಿಸಿರೋದು. ಸಭೆಯಲ್ಲಿ ಎಲ್ಲರೆದುರೇ ಕೇಳ್ತೀನಿ."

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಮೂಲೆ ಅಂಗಡಿಯವರು ಬೀದಿಯಲ್ಲಿ ಎದುರಾಗಿ, "ಮಂಡಿನೋವು ಹೇಗಿದೆ ಅಕ್ಕಾ?" ಎಂದು ವಿಚಾರಿಸಿದರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ನಾನು ಇನ್ನೂ ಎರಡು ದಿನ ತಡೆದುಕೊಳ್ಳುತ್ತಿದ್ದೆನೋ ಏನೋ. ಸಭೆಯ ದಿನ ಬೆಳಿಗ್ಗೆ ಸೊಸೆ ಮೇಲಿನ ಕೋಣೆಯಲ್ಲಿ ತಾನು ಆಡುವ ಮಾತನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. "ಪಕ್ಕದಲ್ಲೇ ಇದ್ದುಕೊಂಡು ಬೆನ್ನಿಗೆ ಚೂರಿ ಹಾಕಿದವರು" ಎಂಬಲ್ಲಿಗೆ ಬಂದಾಗ ನಾನು ಮೆಟ್ಟಿಲು ಹತ್ತಿ ಹೋದೆ.

"ಚೂರಿ ನಂದು ಕಣೇ," ಎಂದೆ.

ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತು ಗೋಡೆ ನೋಡಿದಳು.

"ಐದು ಸಾವಿರಾನಾ?"

"ಐದು ಸಾವಿರ."

"ನಾನು ಸಭೆಗೆ ಹೋಗಲ್ಲ ಅತ್ತೆ. ಒಂದೂ ಲಿಂಕ್ ಕೊಂಡಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದೀನಿ. ಇನ್ಯಾರು ನಂಬ್ತಾರೆ? ಹಳೇ ಕಂಪನಿಗೆ ಫೋನ್ ಮಾಡ್ತೀನಿ. ಅಲ್ಲಿ ಮಾಡೋದೇ ಈ ಕೆಲಸ ಅಂತ ಗೊತ್ತಾದ್ರೂ ಇರುತ್ತೆ."

ನನ್ನ ಜೀವನದಲ್ಲಿ ಯಂತ್ರ ಕೆಡಿಸಿದ್ದೇನೆ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡಿದ್ದೇನೆ. ಆದರೆ ಆ ಮಾತು ಹೊಕ್ಕಷ್ಟು ಆಳಕ್ಕೆ ಯಾವ ಸೂಜಿಯೂ ಹೊಕ್ಕಿರಲಿಲ್ಲ. ಅವಳ ವರ್ಷದ ದುಡಿಮೆಯನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿಬಿಟ್ಟಿದ್ದೆ.

"ನೀನು ಫೋನ್ ಮುಟ್ಟಬೇಡ," ಎಂದೆ. "ಸಭೆಗೆ ನಾನು ಹೋಗ್ತೀನಿ."

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ. ಯಜಮಾನರು ಅಂಗಡಿ ಮುಚ್ಚಿ ಹಿಂದೆ ಬಂದರು. ಸಂಘದ ಕೊಠಡಿಯಲ್ಲಿ ಮಡಚುವ ಕುರ್ಚಿಗಳು ತುಂಬಿದ್ದವು. ಅಧ್ಯಕ್ಷರು ಸೊಸೆಯೆಲ್ಲಿ ಎಂದು ಕೇಳುವಷ್ಟರಲ್ಲಿ ನಾನೇ ಎದ್ದು ನಿಂತೆ. ಮುಂದಿನ ಸಾಲಿನಲ್ಲಿ ಮೂಲೆ ಅಂಗಡಿಯವರು ಕೂತಿದ್ದರು.

"ನೀವೆಲ್ಲ ಹೊಗಳಿದ್ರಲ್ಲ, ಆ ಮೊದಲ ಸ್ಥಾನ ನಾನು ಕೊಂಡಿದ್ದು. ನನ್ನ ಸೊಸೆಗೆ ಗೊತ್ತಿಲ್ಲದ ಹಾಗೆ, ಕದ್ದು. ಈಗ ಅಂಗಡಿ ಹೆಸರೇ ಪಟ್ಟಿಯಲ್ಲಿಲ್ಲ. ಅವಳು ಬರೆದ ಪುಟಗಳೂ ಜೊತೆಗೆ ಹೋದ್ವು. ತಪ್ಪು ನಂದು, ಅವಳದಲ್ಲ. ಅಷ್ಟೇ."

ಕೂರಲು ಹೋದೆ, ಆಗ ಬಾಗಿಲಲ್ಲಿ ಸೊಸೆ ಕಂಡಳು, ಕಂಕುಳಲ್ಲಿ ಲ್ಯಾಪ್‌ಟಾಪು. ಯಾವಾಗಿನಿಂದ ನಿಂತಿದ್ದಳೋ. ನೇರ ಮುಂದೆ ಬಂದಳು.

"ಬಂದಿದ್ದಾಯ್ತು, ಒಂದು ವಿಷಯ ತೋರಿಸಿ ಹೋಗ್ತೀನಿ," ಎಂದಳು. "ನಮ್ಮ ಅಂಗಡಿ ಮೊದಲ ಸ್ಥಾನದಲ್ಲಿದ್ದಾಗ ಶಟಲ್ ಟೈಮಿಂಗ್ ಅಂತ ಹುಡುಕಿ ನಮ್ಮ ಪುಟಕ್ಕೆ ಬಂದೋರು ಒಟ್ಟು ಹದಿನಾಲ್ಕು ಜನ. ಇಲ್ಲಿ ಹಾಗೆ ಹುಡುಕಿದೋರು ಯಾರಾದ್ರೂ ಇದ್ರೆ ದಯವಿಟ್ಟು ಕೈ ಎತ್ತಿ."

ಅಧ್ಯಕ್ಷರು ಕೈ ಎತ್ತಿದರು. ಅವರ ಪಕ್ಕದವರು ಎತ್ತಿದರು. ಹಿಂದಿನ ಸಾಲಿನಲ್ಲಿ ನಾಲ್ಕು ಕೈ, ಕಿಟಕಿಯ ಹತ್ತಿರ ಮೂರು, ಮುಂದಿನ ಸಾಲಿನಲ್ಲಿ ಇನ್ನೂ ಮೂರು. ಅವಳು ಎಣಿಸಿದಳು, ಹನ್ನೆರಡು.

"ಹದಿಮೂರು," ಎಂದು ನಾನು ಕೈ ಎತ್ತಿದೆ.

ಕೊಠಡಿಯಲ್ಲಿ ಕಿಸಿಕಿಸಿ ಶುರುವಾಯಿತು. ಆಗ ಕೊನೆಯ ಕುರ್ಚಿಯಿಂದ ಯಜಮಾನರ ಕೈ ಮೆಲ್ಲಗೆ ಮೇಲೆದ್ದಿತು.

"ಇವಳು ದಿನಾ ಮೇಜಿನ ಕೆಳಗೆ ಫೋನ್ ನೋಡ್ಕೊಂಡು ನಗ್ತಿದ್ಲು. ಏನು ಅಂತ ನಾನೂ ಒಂದ್ಸಲ ನೋಡ್ದೆ."

ಅರುವತ್ತು ಜನ ಒಟ್ಟಿಗೆ ನಕ್ಕರೆ ಮಡಚುವ ಕುರ್ಚಿಗಳು ಎಷ್ಟು ಸದ್ದು ಮಾಡುತ್ತವೆ ಎಂದು ಅವತ್ತು ತಿಳಿಯಿತು. ಹದಿನಾಲ್ಕಕ್ಕೆ ಹದಿನಾಲ್ಕೂ ರಿಪೇರಿಯವರು, ಇಲ್ಲವೇ ನಮ್ಮ ಮನೆಯವರು! ಒಬ್ಬ ಗಿರಾಕಿಯೂ ಇಲ್ಲ. ಹೊಲಿಗೆ ಬಿಟ್ಟುಹೋದರೆ ಯಾವ ದರ್ಜಿ ತಾನೇ ಶಟಲ್ ಟೈಮಿಂಗ್ ಎಂದು ಹುಡುಕುತ್ತಾನೆ? ಸೊಸೆ ನಗು ನಿಲ್ಲುವವರೆಗೆ ಕಾದು, ಇನ್ನೊಂದು ಸಾಲು ತೋರಿಸಿದಳು. ಅದೇ ದಿನಗಳಲ್ಲಿ "ದಾರ ಗಂಟಾಗ್ತಿದೆ" ಎಂದು ಹುಡುಕಿ, ಒಂಬತ್ತನೆಯ ಸ್ಥಾನದವರೆಗೆ ಕಣ್ಣಾಡಿಸಿ, ನಮ್ಮ ಪುಟಕ್ಕೆ ಬಂದವರು ನಾನೂರ ಆರು ಜನ.

ಆಗ ಮೂಲೆ ಅಂಗಡಿಯವರು ಎದ್ದರು. ಕಿವಿ ಕೆಂಪಾಗಿತ್ತು.

"ಅಕ್ಕ ಹೇಳಿದ್ಮೇಲೆ ನಾನೂ ಹೇಳಿಬಿಡ್ತೀನಿ. ಎರಡು ಫೋನ್ ಇಟ್ಕೊಂಡಿದ್ದೋನು ತಾನೇ? ನಂಗೂ ಅವನೇ ಮಾರಿದ್ದು. ನಿನ್ನೆಯಿಂದ ನಾನೂ ಎಲ್ಲೂ ಕಾಣ್ತಿಲ್ಲ."

"ಯಾವ ಪದಕ್ಕೆ ತಗೊಂಡ್ರಿ?" ಎಂದಳು ಸೊಸೆ.

ಅವರು ನೆಲ ನೋಡಿದರು. "ಶಟಲ್ ಟೈಮಿಂಗ್."

ಒಂದೇ ಕುರ್ಚಿಯನ್ನು ಆ ಪುಣ್ಯಾತ್ಮ ಇಬ್ಬರಿಗೂ ಮಾರಿದ್ದ. ಈ ಸಲ ಸೊಸೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅಳು ಬಂದದ್ದೇ ಹೊರತು ನಗುವಿನಿಂದಲ್ಲ.

ಅಧ್ಯಕ್ಷರು ಕೇಳಿದರು, "ಸರಿ ತಾಯಿ, ನಮ್ಮನ್ನೆಲ್ಲ ಮೊದಲ ಸ್ಥಾನಕ್ಕೆ ತರೋಕೆ ಎಷ್ಟು ದಿನ?"

"ಮೊದಲ ಸ್ಥಾನ ಅಂತ ನಾನು ಮಾತು ಕೊಡಲ್ಲ. ಕೊಡೋರು ಬಂದ್ರೆ ಬಾಗಿಲು ಹಾಕ್ಕೊಳ್ಳಿ. ತಿಂಗಳುಗಟ್ಟಲೆ ಆಗುತ್ತೆ. ಗಿರಾಕಿ ಏನು ಕೇಳ್ತಾರೋ ಅದನ್ನ ನೀವೇ ಬರೆದು ತರಬೇಕು, ಅವರ ಮಾತಲ್ಲೇ."

ಇಷ್ಟೆಲ್ಲ ಯಾರಿಗೆ ಬೇಕು ಎಂದು ಮೂವತ್ತೇಳು ಜನ ಎದ್ದು ಹೋದರು. ಇಪ್ಪತ್ತಮೂರು ಜನ ಉಳಿದರು. ಅಷ್ಟು ಸಾಕಾಗಿತ್ತು, ಹಳೆಯ ಕಂಪನಿಯವರು ಮುಂದಿನ ತಿಂಗಳು ಕರೆದಾಗ ಇವಳು ನನ್ನ ಎದುರಿಗೇ "ಇನ್ನು ಫೋನ್ ಮಾಡಬೇಡಿ" ಎಂದಳು.

ಐದು ಸಾವಿರ ಲಿಂಕ್ ಅಂಟಿಸಲು ಮೂರು ವಾರ ಹಿಡಿದಿತ್ತು, ಕೀಳಲು ಎರಡೂವರೆ ತಿಂಗಳು. ಒಂದೊಂದು ಪುಟದವರಿಗೂ ತೆಗೆಯಿರಿ ಎಂದು ಕಾಗದ ಬರೆಯಬೇಕು. ಆ ಪುಟಗಳ ಹೆಸರು ಒಂದೊಂದಾಗಿ ಓದುವ ಶಿಕ್ಷೆ ನನಗೆ. ಸಂಜೆ ಮೇಲಿನ ಕೋಣೆಯಲ್ಲಿ ಅವಳ ಪಕ್ಕ ಕೂತು ಓದುತ್ತಿದ್ದೆ, ಅವಳು ಟೈಪ್ ಮಾಡುತ್ತಿದ್ದಳು. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಮೀನಿನ ತೊಟ್ಟಿಯವನು ಮಾತ್ರ ಪಾಪ, ಕ್ಷಮೆ ಕೇಳಿ, ತನ್ನ ಹೆಂಡತಿಯ ಯಂತ್ರ ಹೊಲಿಗೆ ಬಿಡುತ್ತಿದೆ ಏನು ಮಾಡಲಿ ಎಂದು ಬರೆದ. ಸೂಜಿ ತಿರುಗಿಸಿ ಹಾಕಿರಬೇಕು ನೋಡಿ ಎಂದು ಬರೆಸಿದೆ. ಅದೇ ಆಗಿತ್ತಂತೆ. ಕೊನೆಗೆ ಪಟ್ಟಿ ಮಾಡುವವರಿಗೇ ಒಂದು ಅರ್ಜಿ ಕಳಿಸಬೇಕಿತ್ತು. ಯಾರೋ ಮಾಡಿದರು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬಹುದಿತ್ತು. "ನಾವೇ ಕೊಂಡಿದ್ದು, ತಪ್ಪಾಯಿತು" ಎಂದೇ ಬರೆದಳು. ನಾವು ಮತ್ತೆ ಕಾಣಿಸಿಕೊಂಡೆವು.

ಈ ಮಾತಿಗೆ ಈಗ ಒಂದು ವರ್ಷ. "ಹೊಲಿಗೆ ಮಷೀನ್ ರಿಪೇರಿ" ಎಂದು ಹುಡುಕಿದರೆ ನಾವು ಮೂರನೆಯವರು. ಮೊದಲನೆಯವರು ಯಾರು? ಮೂಲೆ ಅಂಗಡಿಯವರು. ಅವರ ಕೆಲಸ ಮಾಡಿಕೊಟ್ಟವಳು ನನ್ನ ಸೊಸೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊನ್ನೆ ಬಾಯಿ ತಡೆಯದೆ ಕೇಳಿದೆ.

"ಒಂದೇ ಮನೇಲಿ ಇದೀವಿ. ನಮ್ಮನ್ನ ಮೊದಲು ತರಬಾರದಿತ್ತೇನೇ?"

"ನಾನೇನು ಮಾಡ್ಲಿ ಅತ್ತೆ? ಅವರು ನೂರಾ ಹತ್ತು ಪ್ರಶ್ನೆ ಬರ್ಕೊಂಡು ಬಂದ್ರು, ನೀವು ಹದಿನೇಳು. ಗಿರಾಕಿ ಮಾತು ಅರ್ಧದಲ್ಲಿರುವಾಗ್ಲೇ ನೀವು ಮಷೀನ್ ಬಿಚ್ಚಿಬಿಡ್ತೀರಿ."

ಮುಖಕ್ಕೆ ಹೊಡೆದ ಹಾಗಾಯಿತು. ಏಕೆಂದರೆ ನಿಜ. ಮಾರನೆಯ ದಿನ ಒಬ್ಬ ಹೆಂಗಸು ಯಂತ್ರ ಹೊತ್ತುಕೊಂಡು ಬಂದಳು. ದಾರ ಗಂಟಾಗುತ್ತಿದೆ ಎಂದು ಶುರು ಮಾಡಿದಳು. ನನ್ನ ಕೈ ತಾನಾಗಿ ತಿರುಪುಳಿಯತ್ತ ಹೋಯಿತು; ಎಳೆದು ಮಡಿಲಲ್ಲಿ ಇಟ್ಟುಕೊಂಡೆ. ಅವಳು ಹೇಳಿದಳು, ಹೇಳಿದಳು, ತಂಗಿಯ ಮಗುವಿಗೆ ಅಂಗಿ ಹೊಲಿಯಲು ಕೂತದ್ದು, ಅವಸರದಲ್ಲಿ ಬಟ್ಟೆ ಒತ್ತಿ ಹಿಡಿಯುವ ಯಂತ್ರದ ಪಾದ ಎತ್ತದೆಯೇ ದಾರ ಹಾಕಿದ್ದು, ಎಲ್ಲ. ಕಾಲು ಗಂಟೆ ಹಿಡಿಯಿತು. ಪಾದ ಎತ್ತಿ ದಾರ ಹಾಕಿಕೊಟ್ಟೆ, ಯಂತ್ರ ಓಡಿತು. ಮೂವತ್ತೊಂದು ವರ್ಷದಲ್ಲಿ, ಹೀಗೆ ಏನೂ ಕೆಡದೆ ಬಂದ ಎಷ್ಟು ಯಂತ್ರಗಳನ್ನು ಸುಮ್ಮಸುಮ್ಮನೆ ಬಿಚ್ಚಿ ಹಾಕಿದೆನೋ ಎಂದು ಅವತ್ತು ಮೊದಲ ಸಲ ಯೋಚಿಸಿದೆ.